ಪುಟ್ಟಿ ಹುಟ್ಟಿದ್ದು 2074ರಲ್ಲಿ

ಹಾಸನದಲ್ಲಿ ಸಂಜೆ ಹೊತ್ತು ಗಾಡಿ ಮುಂದೆ ನಿಂತು ಗೋಬಿ, ನೂಡಲ್ಸ್ ತಿಂದವರು ಒಂದಲ್ಲ ಒಂದು ಸಲ ನೇಪಾಳದವರ ಕೈರುಚಿ ನೋಡಿಯೇ ಇರುತ್ತಾರೆ. ಬಾಣಲೆ ಆಡಿಸುವವನ ಮುಖ ನೋಡಿ 'ಬಹದ್ದೂರ್, ಖಾರ ಸ್ವಲ್ಪ ಜಾಸ್ತಿ ಹಾಕು' ಅನ್ನುತ್ತೇವೆ. ಅವನ ಹೆಸರು ಬಹದ್ದೂರ್ ಆಗಿರಬೇಕೆಂದೇನೂ ಇಲ್ಲ. ಹೆಸರನ್ನೇ ಕೇಳದ ಮೇಲೆ ಅವನಿಗೆ ಹೆಂಡತಿ ಮಕ್ಕಳಿದ್ದಾರಾ, ಆ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅನ್ನುವುದೆಲ್ಲ ನಮಗೆ ಗೊತ್ತಾಗುವುದು ಹೇಗೆ?

ನನಗೆ ಗೊತ್ತಾದದ್ದು ನನ್ನ ಅಂಗಡಿಯಿಂದ. ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನಂದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ಆದಾಯ ಪ್ರಮಾಣಪತ್ರ, ಪಹಣಿ, ರೇಷನ್ ಕಾರ್ಡ್ ತಿದ್ದುಪಡಿ, ಸ್ಕಾಲರ್‌ಶಿಪ್ಪು, ಹೀಗೆ ಅರ್ಜಿ ತುಂಬುವುದೇ ನನ್ನ ಕಸುಬು. ಯಾವ ಕಾಲಂನಲ್ಲಿ ಏನು ಬರೆದರೆ ಅರ್ಜಿ ವಾಪಸ್ ಬರುತ್ತದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಾನು ಶಟರ್ ಎಳೆಯುವ ಹೊತ್ತಿಗೆ ಎದುರಿನ ಗಾಡಿಯವನು ಸ್ಟೌ ಹಚ್ಚುತ್ತಾನೆ. ಹಾಗಾಗಿ ಪರಿಚಯ.

ಅವನು ನೇಪಾಳದ ಗುಲ್ಮಿ ಜಿಲ್ಲೆಯವನು. ಹಾಸನಕ್ಕೆ ಬಂದು ವರ್ಷಗಳೇ ಆದವು. ಕನ್ನಡ ಸಲೀಸಾಗಿ ಮಾತಾಡುತ್ತಾನೆ, ಆದರೆ ಅದು ಪೂರ್ತಿ ಗಾಡಿಯ ಕನ್ನಡ. ಹಾಫಾ ಫುಲ್ಲಾ, ಪಾರ್ಸಲ್ಲಾ ಇಲ್ಲೇ ತಿಂತೀರಾ, ಚಿಲ್ಲರೆ ಕೊಡಿ. ಗುಲ್ಮಿಯಲ್ಲೂ ಕಾಫಿ ಬೆಳೆಯುತ್ತಾರಂತೆ. ಹೀರಾ ಗಿರಿ ಅನ್ನುವ ಸಾಧು 1938ರಲ್ಲಿ ಬರ್ಮಾ ಕಡೆಯಿಂದ ಬೀಜ ತಂದು ಆಪ್‌ಚೌರ್ ಅನ್ನುವ ಊರಲ್ಲಿ ನೆಟ್ಟರು ಅನ್ನುವುದು ಅಲ್ಲಿನ ಕತೆ. ಬಾಬಾ ಬುಡನ್ ಕತೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ತುಂಬಾ ಹತ್ತಿರದ್ದು, ಅಲ್ವಾ? ಸಕಲೇಶಪುರದ ಹತ್ತಿರ ತೋಟ ಇರುವ ನನ್ನ ಗಿರಾಕಿಯೊಬ್ಬರು ಇದನ್ನು ಕೇಳಿ, ಗೋಬಿ ತಣ್ಣಗಾಗುವ ತನಕ ಅವನ ಹತ್ತಿರ ಗಿಡ, ನೆರಳು, ಗೊಬ್ಬರ ಅಂತ ವಿಚಾರಿಸುತ್ತಾ ನಿಂತಿದ್ದರು.

2025ರ ಏಪ್ರಿಲ್‌ನಲ್ಲಿ ಅವನ ಹೆಂಡತಿ ಮತ್ತು ಮಗಳು ಬಂದರು. ನೇಪಾಳದಲ್ಲಿ ಶಾಲೆಯ ವರ್ಷ ಚೈತ್ರಕ್ಕೆ ಮುಗಿದು ವೈಶಾಖಕ್ಕೆ ಶುರುವಾಗುತ್ತದೆ. ಮಗಳ ಎರಡನೇ ಕ್ಲಾಸು ಮುಗಿಯುವುದನ್ನೇ ಕಾದಿದ್ದು, ಸುನೌಲಿಯಲ್ಲಿ ಗಡಿ ದಾಟಿ, ಗೋರಖ್‌ಪುರದಲ್ಲಿ ಯಶವಂತಪುರದ ರೈಲು ಹತ್ತಿ, ಅಲ್ಲಿಂದ ಹಾಸನಕ್ಕೆ ಬಂದರು. ಪಕ್ಕದ ಮೊಬೈಲ್ ಅಂಗಡಿಯವರು 'ವೀಸಾ ಎಲ್ಲಾ ಮಾಡಿಸಿದ್ದಾರಾ?' ಅಂತ ನನ್ನ ಕಿವಿಯಲ್ಲಿ ಕೇಳಿದರು. ನೇಪಾಳದವರಿಗೆ ಇಲ್ಲಿಗೆ ಬರಲು ವೀಸಾ ಬೇಡ, ನಾವು ಅಲ್ಲಿಗೆ ಹೋಗಲೂ ಬೇಡ. 1950ರ ಭಾರತ-ನೇಪಾಳ ಒಪ್ಪಂದದಲ್ಲಿ ಓಡಾಟ, ವಾಸ, ವ್ಯಾಪಾರ ಎಲ್ಲಕ್ಕೂ ಎರಡೂ ಕಡೆಯವರಿಗೆ ಅವಕಾಶ ಇದೆ. ಇಷ್ಟು ಹೇಳಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಇರಲಿ.

ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ. ಅವಳ ಹೆಸರು ಇಲ್ಲಿಗೆ ಬೇಡ.

ಅಪ್ಪ ಮೊದಲು ವಿಚಾರಿಸಿದ್ದು ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿ ಫೀಸು ಎಷ್ಟು ಅಂತ ಹೇಳುವ ಮೊದಲೇ ಆಧಾರ್ ಕೇಳಿದರಂತೆ. ಅವತ್ತು ಸಂಜೆ ಅಂಗಡಿಗೆ ಬಂದು 'ಅಕ್ಕ, ಆಧಾರ್ ಇಲ್ಲಾಂದ್ರೆ ಸ್ಕೂಲ್ ಇಲ್ವಂತೆ' ಅಂದ. ಮುಖ ಸಣ್ಣಗಾಗಿತ್ತು.

ನಾನು ದಿನಾ ಆಧಾರ್ ಜೊತೆಗೇ ಬದುಕುವವಳು. ಆಧಾರ್ ಯಾರು ಭಾರತದ ಪ್ರಜೆ ಅನ್ನುವುದಕ್ಕೆ ದಾಖಲೆ ಅಲ್ಲ. ಯಾರು ಇಲ್ಲಿ ವಾಸ ಇದ್ದಾರೆ ಅನ್ನುವುದಕ್ಕೆ ಕೊಡುವ ನಂಬರ್ ಅದು. ವಾಸ ಅಂದರೆ, ಅರ್ಜಿ ಹಾಕುವ ಹಿಂದಿನ 12 ತಿಂಗಳಲ್ಲಿ 182 ದಿನವಾದರೂ ಇಲ್ಲಿರಬೇಕು ಅಂತ 2016ರ ಆಧಾರ್ ಕಾಯ್ದೆ ಹೇಳುತ್ತದೆ. ಏಪ್ರಿಲ್‌ನಲ್ಲಿ ಬಂದ ಮಗುವಿನ ಹತ್ತಿರ ಜೂನ್‌ನಲ್ಲಿ ಆಧಾರ್ ಕೇಳಿದರೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ, 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಹೇಳಿಯಾಗಿದೆ. ಆ ತೀರ್ಪು ಬಂದಾಗ ನಮ್ಮ ಅಂಗಡಿಗಳಲ್ಲಿ ಅದರದ್ದೇ ಮಾತು. ಆಮೇಲೆ ಎಲ್ಲರೂ ಮರೆತರು. ಅರ್ಜಿಯಲ್ಲಿ ಕಾಲಂ ಇದ್ದರೆ ಸಾಕು, ಅದು ಕಡ್ಡಾಯ ಅಂತಲೇ ನಮ್ಮ ಜನ ತಿಳಿದುಕೊಳ್ಳುತ್ತಾರೆ. ಕೌಂಟರ್ ಒಳಗೆ ಕೂತವರೂ ಹಾಗೇ ತಿಳಿದುಕೊಳ್ಳುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯನ್ನು ನಮ್ಮಲ್ಲಿ ಎಲ್ಲರೂ ಆರ್‌ಟಿಇ ಸೀಟು ಅಂತ ಮಾತ್ರ ಗುರುತಿಸುತ್ತಾರೆ, ಅಂದರೆ ಖಾಸಗಿ ಶಾಲೆಯ ಶೇಕಡಾ 25ರ ಸೀಟು. ಕಾಯ್ದೆಯಲ್ಲಿ ಅದು ಒಂದು ಮೂಲೆ. 2009ರಲ್ಲಿ ಆದ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಕಾಯ್ದೆ 6ರಿಂದ 14 ವರ್ಷದ 'ಪ್ರತಿಯೊಂದು ಮಗು' ಅನ್ನುತ್ತದೆ. ಭಾರತದ ಪ್ರಜೆಯ ಮಗು ಅಂತ ಅಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸುವ ಹಾಗಿಲ್ಲ. ಟಿಸಿ ಬರುವುದು ತಡವಾಯಿತು ಅಂತಲೂ ಇಲ್ಲ. ಇದನ್ನೆಲ್ಲ ಮೊಬೈಲಲ್ಲಿ ತೆಗೆದು ಅವನಿಗೆ ತೋರಿಸಿದೆ. ಅವನು 'ನೀವೇ ಬನ್ನಿ ಅಕ್ಕ' ಅಂದ. ಕಾಯ್ದೆ ಓದಿ ಹೇಳುವುದು ಸುಲಭ, ಕೌಂಟರ್ ಮುಂದೆ ನಿಲ್ಲುವುದು ಬೇರೆ. ಹೋದೆ.

ನಮ್ಮ ಬಡಾವಣೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಪ್ರಾರಂಭೋತ್ಸವದ ಮಾವಿನ ತೋರಣ ಒಣಗಿ ಬಾಗಿಲಲ್ಲಿ ಹಾಗೇ ನೇತಾಡುತ್ತಿತ್ತು. ಎಚ್.ಎಂ. ಮೇಡಂ, ಅಂದರೆ ಮುಖ್ಯ ಶಿಕ್ಷಕಿ, ಕೂರಿಸಿದರು, ನೀರು ಕೊಡಿಸಿದರು. ನಿಜ ಹೇಳಬೇಕೆಂದರೆ ಈ ಕಾಲದಲ್ಲಿ ಒಂದು ಮಗು ಜಾಸ್ತಿ ಆಗುತ್ತದೆ ಅಂದರೆ ಸರ್ಕಾರಿ ಶಾಲೆಯವರಿಗೆ ಖುಷಿಯೇ. ದಾಖಲಾತಿ ಆಂದೋಲನ ಅಂತ ಬಿಸಿಲಲ್ಲಿ ಮನೆಮನೆ ಸುತ್ತಿ ಬಂದವರು ಅವರು.

ಜನನ ಪ್ರಮಾಣಪತ್ರ ಕೇಳಿದರು. ಮೂಲ ಪತ್ರ ಊರಲ್ಲಿತ್ತು. ಅಜ್ಜ ಕಳಿಸಿದ ವಾಟ್ಸಾಪ್ ಫೋಟೊ ಇತ್ತು, ನೇಪಾಳಿಯಲ್ಲಿ ಬರೆದ ಬದಿಯದ್ದು ಮಾತ್ರ. ಮೇಡಂ ಹಿಂದಿ ಓದಬಲ್ಲವರು, ಹಾಗಾಗಿ ಅಕ್ಷರ ಕಷ್ಟವಾಗಲಿಲ್ಲ. ಹುಟ್ಟಿದ ದಿನಾಂಕದ ಹತ್ತಿರ ಬೆರಳಿಟ್ಟು ನಿಂತರು. 2074, ಮಂಗ್ಸೀರ್ 12.

'ಈ ಮಗು ಇನ್ನೂ ಹುಟ್ಟೇ ಇಲ್ವಲ್ರೀ!'

ಪುಟ್ಟಿಯ ಅಪ್ಪನಿಗೆ ಇದು ತಮಾಷೆ ಅಂತ ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ನೇಪಾಳದಲ್ಲಿ ಸರ್ಕಾರಿ ಲೆಕ್ಕವೆಲ್ಲ ವಿಕ್ರಮ ಸಂವತ್‌ನಲ್ಲಿ. ನಮ್ಮ ಇಸವಿಗಿಂತ ಸುಮಾರು 56 ವರ್ಷ 8 ತಿಂಗಳು ಮುಂದೆ. ವರ್ಷ ಸರಿಸುಮಾರು ಕಳೆದುಬಿಡಬಹುದು, ದಿನ ಹಾಗೆ ಸಿಗುವುದಿಲ್ಲ. ಅವರ ತಿಂಗಳುಗಳು 29 ದಿನದಿಂದ 32 ದಿನದವರೆಗೆ ಇರುತ್ತವೆ, ಯಾವ ತಿಂಗಳಿಗೆ ಎಷ್ಟು ದಿನ ಅನ್ನುವುದು ವರ್ಷವರ್ಷಕ್ಕೂ ಬದಲಾಗುತ್ತದೆ. ಅದಕ್ಕೆ ಕ್ಯಾಲೆಂಡರ್ ನೋಡಲೇಬೇಕು. ನೇಪಾಳದವರ ಫೋನಲ್ಲೆಲ್ಲ ಇರುವ 'ಹಾಮ್ರೋ ಪಾತ್ರೋ' ಆ್ಯಪಿನಲ್ಲಿ ಹಾಕಿದರೆ 2017ರ ನವೆಂಬರ್ 28 ಅಂತ ಬಂತು. ತಾಳೆ ನೋಡಲು ನನಗೊಂದು ದಾರಿ ಹೊಳೆಯಿತು. ಮಗಳು ಹುಟ್ಟುವ ಎರಡು ದಿನ ಮುಂಚೆ, ಮಂಗ್ಸೀರ್ 10ಕ್ಕೆ, ನೇಪಾಳದಲ್ಲಿ ಚುನಾವಣೆ ಇತ್ತು ಅಂತ ಅವನಿಗೆ ಚೆನ್ನಾಗಿ ನೆನಪಿತ್ತು. ನೇಪಾಳದ ಆ ಚುನಾವಣೆಯ ಮೊದಲ ಹಂತ ನಡೆದದ್ದು 2017ರ ನವೆಂಬರ್ 26ಕ್ಕೆ. ಸರಿಹೋಯಿತು. ನಾನು ಒಂದು ಹಾಳೆಯಲ್ಲಿ ಕನ್ನಡಕ್ಕೆ ಬರೆದು, ಎರಡೂ ದಿನಾಂಕ ಹಾಕಿ, ಕೆಳಗೆ ಅಪ್ಪನ ಘೋಷಣೆ ಬರೆಸಿ ಸಹಿ ಮಾಡಿಸಿದೆ. ಜನನ ಪತ್ರ ಇಲ್ಲದೇ ಇದ್ದರೂ ತಂದೆ ತಾಯಿಯ ಘೋಷಣೆಯ ಮೇಲೆ ಸೇರಿಸಿಕೊಳ್ಳಲು ಕೇಂದ್ರದ 2010ರ ನಿಯಮದಲ್ಲೇ ದಾರಿ ಇದೆ.

ಆಮೇಲೆ ಅರ್ಜಿಯ ಕಾಲಂಗಳು.

ಮಾತೃಭಾಷೆ: ನೇಪಾಳಿ. ಇದು ಹೊರದೇಶದ ಭಾಷೆ ಅಂತ ಯಾರಾದರೂ ಅಡ್ಡಿ ಮಾಡಿದರೆ ಹೇಳಲು ನನ್ನ ಹತ್ತಿರ ಉತ್ತರ ಇತ್ತು. ಕನ್ನಡ ಇರುವ ಸಂವಿಧಾನದ ಎಂಟನೇ ಅನುಸೂಚಿಯಲ್ಲೇ ನೇಪಾಳಿಯೂ ಇದೆ, 1992ರಿಂದ. ಯಾರೂ ಅಡ್ಡಿ ಮಾಡಲಿಲ್ಲ. ಕಲಿತ ಉತ್ತರ ಸುಮ್ನೆ ಹಾಗೇ ಉಳಿಯಿತು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್: ಖಾಲಿ. ಆಧಾರ್: ಖಾಲಿ. ಬ್ಯಾಂಕ್ ಖಾತೆ: ಖಾಲಿ. ಮೇಡಂ ಪ್ರತಿ ಖಾಲಿ ಕಾಲಂಗೂ ಒಂದು ಅಡ್ಡಗೆರೆ ಎಳೆದು ತಮ್ಮ ಸಣ್ಣ ಸಹಿ ಹಾಕಿದರು. ಅರ್ಜಿ ತುಂಬುವ ಕಸುಬಿನವಳಾಗಿ ನನಗೆ ಇದು ಬಹಳ ಹಿಡಿಸಿತು. ಖಾಲಿ ಬಿಟ್ಟರೆ ನಾಳೆ ಯಾರೋ ಬಂದು ಏನೋ ತುಂಬಬಹುದು, ಇಲ್ಲವೇ ಮರೆತಿದ್ದಾರೆ ಅಂತ ವಾಪಸ್ ಕಳಿಸಬಹುದು. ಗೆರೆ ಎಳೆದು ಸಹಿ ಹಾಕಿದರೆ 'ನೋಡಿದ್ದೇನೆ, ಇಲ್ಲ, ಇದಕ್ಕೆ ನಾನೇ ಜವಾಬ್ದಾರಿ' ಅಂತ.

ಕಷ್ಟ ಆದದ್ದು ರಾಷ್ಟ್ರೀಯತೆ ಕಾಲಂನಲ್ಲಿ. ಅರ್ಜಿ ನೋಡುತ್ತಾ ಪಕ್ಕದಲ್ಲಿ ನಿಂತಿದ್ದ ಪೋಷಕರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, 'ಭಾರತೀಯ ಅಂತ ಹಾಕಿಬಿಡಿ, ಹುಟ್ಟಿದ ಊರು ಡಾರ್ಜಿಲಿಂಗ್ ಅಂತ ಬರೀರಿ, ಯಾರು ಕೇಳ್ತಾರೆ' ಅಂದರು. ಈ ಥರದ ಉಪಾಯ ನನ್ನ ಅಂಗಡಿಯಲ್ಲಿ ದಿನಾ ಕೇಳುತ್ತೇನೆ. ಒಂದು ಅಕ್ಷರ ಅಲ್ಲಿ ಇಲ್ಲಿ ಮಾಡಿ, ಒಂದು ವರ್ಷ ಹಿಂದೆ ಮುಂದೆ ಮಾಡಿ ಅಂತ. ಹಾಗೆ ಮಾಡಿದವರು ಹತ್ತು ವರ್ಷದ ನಂತರ ನನ್ನ ಅಂಗಡಿಗೇ ಬರುತ್ತಾರೆ, ತಿದ್ದುಪಡಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿಗೆ ಹಾಕಿದಾಗ ಇನ್ನೊಂದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದದ್ದು ಜೀವನಪೂರ್ತಿ ಹಿಂದೆ ಬರುತ್ತದೆ. ಅದರಲ್ಲೂ ಈ ಹುಡುಗಿಗೆ ನಾಳೆ ನೇಪಾಳದ ನಾಗರಿಕತ್ವ ಪತ್ರ ಬೇಕು. ಹದಿನಾರು ತುಂಬಿದ ಮೇಲೆ ಅಲ್ಲಿ ಅದಕ್ಕೆ ಅರ್ಜಿ ಹಾಕುತ್ತಾರೆ. ಆಗ ಇಲ್ಲಿನ ಟಿಸಿಯಲ್ಲಿ ಭಾರತೀಯ, ಡಾರ್ಜಿಲಿಂಗ್ ಅಂತ ಇದ್ದರೆ ಅವಳ ಗತಿ? ಸತ್ಯ ಬರೆದರೂ ಶಾಲೆ ಸೇರಿಸಿಕೊಳ್ಳಲೇಬೇಕು ಅನ್ನುವಾಗ ಸುಳ್ಳು ಬರೆಯುವ ತೊಂದರೆ ಯಾಕೆ? 'ನೇಪಾಳ' ಅಂತ ಬರೆದೆ. ಅಪ್ಪ ಆ ಕಾಲಂ ಅನ್ನೇ ನೋಡುತ್ತಿದ್ದ.

ಒಂದು ಕಚೇರಿಯಲ್ಲಿ, ಯಾವುದು ಅಂತ ಬೇಡ, ನೇಪಾಳದ ಶಾಲೆಯ ಗ್ರೇಡ್ ಶೀಟಿಗೆ ಅಲ್ಲಿನ ಅಧಿಕಾರಿಯ ಮೇಲುಸಹಿ ಬೇಕು ಅಂದರು. ಬೇರೆ ರಾಜ್ಯದ ಟಿಸಿಗೆ ಹಾಗೆ ಕೇಳುವ ರೂಢಿ ಇದೆ, ಅದನ್ನೇ ಇಲ್ಲಿಗೂ ಎಳೆದರು. ಅಂದರೆ ಗುಲ್ಮಿಗೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು! ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ ಸರ್ ಇದನ್ನು ಸುಲಭ ಮಾಡಿದರು. ಟಿಸಿ ಮೇಲೆ ಸೇರಿಸುವುದೇ ಬೇಡ, ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರಿಸಿ, ಗ್ರೇಡ್ ಶೀಟು ಕಡತದಲ್ಲಿ ಇರಲಿ ಅಂದರು. ವಿಷಯ ಮುಗಿಯಿತು.

ಮುಗಿಯಿತು ಅಂದುಕೊಂಡೆ, ಆದರೆ ವಯಸ್ಸಿಗೆ ತಕ್ಕ ತರಗತಿ ಯಾವುದು? ಜೂನ್‌ಗೆ ಪುಟ್ಟಿಗೆ ಏಳೂವರೆ. ನಮ್ಮ ಲೆಕ್ಕದಲ್ಲಿ ಎರಡನೇ ತರಗತಿ. ಅವಳು ಅಲ್ಲಿ ಎರಡು ಮುಗಿಸಿ ಬಂದವಳು. ಅಪ್ಪನಿಗೆ ಸಿಟ್ಟು ಬಂತು. 'ಪಾಸಾದ ಮಗೂನ ಫೇಲ್ ಮಾಡಿದ ಹಾಗಲ್ವಾ ಅಕ್ಕ?' ಅವನು ಹೇಳಿದ್ದು ತಪ್ಪಲ್ಲ. ಕೂಡಿ ಕಳೆಯುವ ಲೆಕ್ಕ ಅವಳು ಪಟಪಟ ಮಾಡುತ್ತಿದ್ದಳು. ಆದರೆ ಕನ್ನಡದ ಒಂದಕ್ಷರ ಗೊತ್ತಿಲ್ಲ. ಮೇಡಂ ಅವನನ್ನು ನಲಿಕಲಿ ಕೊಠಡಿಗೆ ಕರೆದುಕೊಂಡು ಹೋದರು. ಒಂದು, ಎರಡು, ಮೂರು ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಯಾವ ಗುಂಪು ಯಾವ ಕ್ಲಾಸು ಅಂತ ನನಗೂ ಗೊತ್ತಾಗಲಿಲ್ಲ. ಅವನು ಒಂದಷ್ಟು ಹೊತ್ತು ನೋಡಿ 'ಎಲ್ಲಾ ಒಟ್ಟಿಗೇನಾ? ಹಾಗಾದ್ರೆ ಸರಿ' ಅಂದ.

ನಲಿಕಲಿ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇರಲಿಲ್ಲ. ನಮ್ಮ ಅಂಗಡಿಗೆ ಬರುವ ಪೋಷಕರು 'ಮಕ್ಕಳಿಗೆ ಅ ಆ ಇ ಈನೇ ಬರಲ್ಲ, ಬರೀ ಕಾರ್ಡು ಆಡಿಸ್ತಾರೆ' ಅನ್ನುತ್ತಿರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಪಾಠಪುಸ್ತಕದ ಬದಲು ಕಾರ್ಡುಗಳು, ಗೋಡೆ ಮೇಲೆ ಕಲಿಕಾ ಏಣಿ. ಮಗು ಒಂದು ಮೆಟ್ಟಿಲು ಮುಗಿಸಿದ ಮೇಲೆ ಮುಂದಿನ ಮೆಟ್ಟಿಲು. ಪಕ್ಕದ ಮಗು ಎಲ್ಲಿದೆ ಅನ್ನುವುದರ ಮೇಲೆ ಏನೂ ನಿಂತಿರುವುದಿಲ್ಲ. ಊರಿನ ಮಕ್ಕಳಿಗೆ ಇದು ಎಷ್ಟು ಒಳ್ಳೆಯದು ಅಂತ ಮೇಷ್ಟ್ರುಗಳು ಜಗಳಾಡಲಿ. ಕನ್ನಡವೇ ಬಾರದೆ ಜೂನ್‌ನಲ್ಲಿ ಬಂದು ಕೂತ ಮಗುವಿಗೆ ಇದಕ್ಕಿಂತ ಒಳ್ಳೆಯ ಕೋಣೆ ಇನ್ನೊಂದಿಲ್ಲ. ಗಣಿತದ ಏಣಿಯಲ್ಲಿ ಪುಟ್ಟಿ ಮೂರನೆಯವರ ಜೊತೆ, ಕನ್ನಡದ ಏಣಿಯಲ್ಲಿ ಒಂದನೆಯವರ ಜೊತೆ. ಯಾರಿಗೂ ಅವಮಾನ ಇಲ್ಲ.

ಅವಳ ಅಮ್ಮನಿಗೆ ಮಾತ್ರ ಒಂದು ಸಂಶಯ ಇತ್ತು. ನೇಪಾಳಿ ಬರೆಯುವುದು ದೇವನಾಗರಿಯಲ್ಲಿ. ಅ ಆ ಇ ಈ, ಕ ಖ ಗ ಘ ಅನ್ನುವ ಸಾಲು ಅಲ್ಲೂ ಅದೇ. ಹಾಗಿದ್ದ ಮೇಲೆ ಕನ್ನಡವನ್ನೂ ಅದೇ ಸಾಲಿನಲ್ಲಿ ಹೇಳಿಕೊಟ್ಟರೆ ಬೇಗ ಬರುತ್ತಿತ್ತಲ್ಲ, ಇವರು ಯಾಕೆ ರ ಗ ಸ ದ ಅ ಅಂತ ಶುರುಮಾಡುತ್ತಾರೆ? ನಲಿಕಲಿ ಮಿಸ್ ಹಲಗೆ ಮೇಲೆ ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ, ದಸರ ಅಂತ ಬರೆದು ತೋರಿಸಿದರು. ಅಮ್ಮನಿಗೆ ಅದರಲ್ಲಿ ಅರ್ಥವಾದದ್ದು ದಸರ ಒಂದೇ. ಅವರಿಗೂ ಅದೇ ದೊಡ್ಡ ಹಬ್ಬ. ಆದರೂ ಮನೆಯಲ್ಲಿ ರಾತ್ರಿ ಅವರು ತಮ್ಮದೇ ಸಾಲಿನಲ್ಲಿ ಹೇಳಿಕೊಟ್ಟರು, ನನ್ನ ಅಂಗಡಿಯಿಂದ ತೆಗೆದುಕೊಂಡು ಹೋದ ವರ್ಣಮಾಲೆ ಚಾರ್ಟು ಇಟ್ಟುಕೊಂಡು. ಶಾಲೆಯಲ್ಲಿ ಒಂದು ದಾರಿ, ಮನೆಯಲ್ಲಿ ಇನ್ನೊಂದು ದಾರಿ. ಎರಡೂ ಸೇರಿ ದಸರಾ ರಜೆಯ ಹೊತ್ತಿಗೆ ಅವಳು ಅಂಗಡಿ ಬೋರ್ಡುಗಳನ್ನು ಓದುತ್ತಿದ್ದಳು. ತೊಡಕಾದದ್ದು ಅವರ ಸಾಲಿನಲ್ಲಿ ಇಲ್ಲದ ಅಕ್ಷರಗಳು: ಎ, ಒ, ಳ. 'ನಮ್ಮ ಹಲ್ಲಿಯಲ್ಲಿ ಕಾಫಿ ಗಿಡ ಇದೆ' ಅಂತ ಬರೆದು ತಂದಾಗ ನಾನು ಹಲ್ಲಿಯ ಚಿತ್ರ ಬಿಡಿಸಿ ತೋರಿಸಿದೆ. ನಕ್ಕು ನಕ್ಕು ಸುಸ್ತಾದಳು.

ಮಾತು ಬಂದದ್ದು ಬೇರೆ ಕಡೆಯಿಂದ. ಕಾರ್ಟೂನು ನೋಡಿ ಅವಳಿಗೆ ಸ್ವಲ್ಪ ಹಿಂದಿ ಬರುತ್ತಿತ್ತು. ಅವಳ ಗುಂಪಿನಲ್ಲೇ ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯೊಬ್ಬಳಿದ್ದಳು. ಮಿಸ್ ಕನ್ನಡದಲ್ಲಿ ಹೇಳಿದ್ದನ್ನು ಆ ಹುಡುಗಿ ಹಾಸನದ ಉರ್ದುವಿನಲ್ಲಿ ಪಿಸುಗುಟ್ಟುತ್ತಿದ್ದಳು, ಪುಟ್ಟಿ ತಲೆ ಆಡಿಸುತ್ತಿದ್ದಳು. ಮಿಸ್ ಗಲಾಟೆ ಮಾಡಬೇಡಿ ಅನ್ನದೆ ಇಬ್ಬರನ್ನೂ ಒಟ್ಟಿಗೇ ಕೂರಿಸಿದರು. ಸರ್ಕಾರಿ ಶಾಲೆಯಲ್ಲಿ ಹಿಂದಿ ಶುರುವಾಗುವುದು ಆರನೇ ತರಗತಿಯಲ್ಲಿ, ಪುಟ್ಟಿಯ ದೇವನಾಗರಿಗೆ ಅಲ್ಲಿಯ ತನಕ ಕೆಲಸ ಇಲ್ಲ. ಅಮ್ಮ ಮಾತ್ರ ಭಾನುವಾರ ಕೂರಿಸಿ ನೇಪಾಳಿಯಲ್ಲಿ ಅಜ್ಜನಿಗೆ ಒಂದು ಪುಟ ಬರೆಸುತ್ತಾರೆ. ಅದರ ಫೋಟೊ ಹೋಗುತ್ತದೆ.

ಊಟದ ವಿಷಯದಲ್ಲಿ ತೊಂದರೆಯೇ ಆಗಲಿಲ್ಲ. ಅನ್ನ ಸಾರು ಅವರಿಗೂ ದಿನದ ಊಟ. ಬೆಳಗ್ಗೆ ಕೊಡುವ ಹಾಲು, ರಾಗಿ ಮಾಲ್ಟ್, ಆಮೇಲೆ ಮೊಟ್ಟೆ, ಎಲ್ಲಾ ಒಗ್ಗಿತು. ಗುಲ್ಮಿಯ ಗುಡ್ಡಗಳಲ್ಲಿ ರಾಗಿ ಬೆಳೆದು ಅದರ ಹಿಟ್ಟಲ್ಲಿ ಢಿಂಡೋ ಮಾಡುತ್ತಾರೆ, ನಮ್ಮ ಮುದ್ದೆಗಿಂತ ಸ್ವಲ್ಪ ಮೆತ್ತಗೆ. ನಾನು ಒಂದಿನ ಮುದ್ದೆ, ಬಸ್ಸಾರು ಕೊಟ್ಟು ಕಳಿಸಿದೆ. ಮರುದಿನ ಡಬ್ಬಿ ವಾಪಸ್ ಬಂತು, ಜೊತೆಗೆ 'ಸಾರು ಚೆನ್ನಾಗಿತ್ತು, ಮುದ್ದೆ ಗಟ್ಟಿ ಜಾಸ್ತಿ' ಅನ್ನುವ ವಿಮರ್ಶೆ. ಹಾಸನದವಳಿಗೆ ಮುದ್ದೆ ಬಗ್ಗೆ ಹೀಗೆ ಹೇಳುವ ಧೈರ್ಯ!

ಪಠ್ಯಪುಸ್ತಕ, ಶೂ, ಸಾಕ್ಸು ಬಂದವು. ಸಮವಸ್ತ್ರದ ಬಟ್ಟೆ ಬಂತು, ಹೊಲಿಗೆ ಖರ್ಚು ಎಲ್ಲಾ ಪೋಷಕರ ಹಾಗೆ ಅವರದೇ. ಸ್ಕಾಲರ್‌ಶಿಪ್ಪಿಗೆ ಮಾತ್ರ ದಾರಿ ಇಲ್ಲ. ಆ ಸಾಫ್ಟ್‌ವೇರಿನಲ್ಲಿ ಅಡ್ಡಗೆರೆ ಎಳೆದು ಸಹಿ ಹಾಕಲು ಬರುವುದಿಲ್ಲ, ಆಧಾರ್ ನಂಬರ್ ಹಾಕದೆ ಮುಂದಿನ ಪುಟವೇ ತೆರೆಯುವುದಿಲ್ಲ. ಕಾಗದದ ಅರ್ಜಿಯನ್ನು ನಾನು ಹೊಗಳುತ್ತೇನೆ ಅಂತ ಅಂಗಡಿಯ ಹುಡುಗ ನಗುತ್ತಾನೆ. ನಗಲಿ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ಗಾಡಿಯವನ ಮೂಲಕ ಇನ್ನೊಂದು ಕುಟುಂಬ ಬಂದಿದೆ. ಹೊಟೇಲೊಂದರಲ್ಲಿ ಕೆಲಸ ಮಾಡುವವರು, ಮಗನಿಗೆ ಹತ್ತು ವರ್ಷ, ಎರಡು ವರ್ಷದಿಂದ ಶಾಲೆಗೇ ಹೋಗಿಲ್ಲ. ಅವನು ನಲಿಕಲಿ ಕೋಣೆಯ ವಯಸ್ಸು ದಾಟಿದ್ದಾನೆ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿದರೆ ಅಲ್ಲಿ ಪಾಠ ನಡೆಯುವುದು ಪುಸ್ತಕ ಹಿಡಿದು, ಕನ್ನಡದಲ್ಲಿ. ಅಂಥ ಮಗುವಿಗೆ ವಿಶೇಷ ತರಬೇತಿ ಕೊಡಬೇಕು ಅಂತ ಅದೇ 4ನೇ ಸೆಕ್ಷನ್ ಹೇಳುತ್ತದೆ. ಯಾರು ಕೊಡುತ್ತಾರೆ, ದಿನಕ್ಕೆ ಎಷ್ಟು ಹೊತ್ತು, ಅದನ್ನು ಮೇಡಂ ಮತ್ತು ಸಿಆರ್‌ಪಿ ಸರ್ ಕೂತು ಮಾತಾಡುತ್ತಿದ್ದಾರೆ. ನಲಿಕಲಿ ಮಿಸ್ ಶಾಲೆ ಬಿಟ್ಟ ಮೇಲೆ ಕಾರ್ಡುಗಳನ್ನು ಕೊಡಲು ಒಪ್ಪಿದ್ದಾರೆ, ಆದರೆ ಹತ್ತು ವರ್ಷದ ಹುಡುಗ ಚಿಕ್ಕ ಮಕ್ಕಳ ಕಾರ್ಡು ಹಿಡಿದು ಕೂರುತ್ತಾನಾ? ಪುಟ್ಟಿಯ ಅಪ್ಪ ತಾನು ಬಂದು ಮಾತಾಡುತ್ತೇನೆ ಅಂದಿದ್ದಾನೆ.

ಹುಡುಗನ ಜನನ ಪತ್ರದ ಫೋಟೊ ಇನ್ನೂ ಬಂದಿಲ್ಲ. ಅವರ ಊರಲ್ಲಿ ಮಳೆಗೆ ನೆಟ್‌ವರ್ಕ್ ಹೋಗಿದೆಯಂತೆ. ಬರದಿದ್ದರೆ ಅಪ್ಪನ ಘೋಷಣೆಯ ಮೇಲೆಯೇ ಸೇರಿಸಿಕೊಳ್ಳೋಣ, ಸೋಮವಾರ ಕರೆದುಕೊಂಡು ಬನ್ನಿ ಅಂದಿದ್ದಾರೆ ಮೇಡಂ.